ಕಲಬುರಗಿಯಲ್ಲಿ ಕೂತು ಹೀಲರ್ ಆಡುವುದು: ಮೊದಲ ಲೆವೆಲ್‌ನಿಂದ ಐವತ್ತರವರೆಗೆ

ಹಲವರು ಸೇರಿ ಆಡುವ ಆನ್‌ಲೈನ್ ಆಟಗಳಲ್ಲಿ ಹೀಲರ್ (ಹೀಲ್ ಮಂತ್ರ ಹಾಕಿ ಜೊತೆಗಾರರ ಜೀವ ತುಂಬಿಸುವ ಪಾತ್ರ) ಆಡಬೇಕು ಅಂದರೆ ಕೈ ಚುರುಕಾಗಿರಬೇಕು, ನೆಟ್ ಜೋರಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೂತು ಆಡುವ ನಮಗೆ ಇಂಥ ಎಷ್ಟೋ ದೊಡ್ಡ ಆಟಗಳ ಸರ್ವರ್ ದೂರವೇ. ನಾವು ಒತ್ತಿದ ಬಟನ್ ಅಲ್ಲಿಗೆ ಮುಟ್ಟಿ ಉತ್ತರ ಬರುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಗಿರುತ್ತದೆ. ಹಾಗಾಗಿ ಪೆಟ್ಟು ಬಿದ್ದ ಮೇಲೆ ಗಡಿಬಿಡಿಯಲ್ಲಿ ಹೀಲ್ ಹಾಕುವ ಆಟ ನಮಗೆ ಒಗ್ಗುವುದಿಲ್ಲ. ಪೆಟ್ಟು ಬೀಳುವ ಮುಂಚೆಯೇ ತಯಾರಿರುವ ಆಟ ಒಗ್ಗುತ್ತದೆ. ನೆಟ್ ಚೆನ್ನಾಗಿರುವ ಊರಿನ ಒಳ್ಳೆಯ ಹೀಲರ್‌ಗಳೂ ಹೀಗೇ ಆಡುತ್ತಾರೆ. ಅವರು ನಿಧಾನವಾಗಿ ಕಲಿಯುವುದನ್ನು ನಾವು ಮೊದಲ ದಿನವೇ ಕಲಿಯಬೇಕು, ಅಷ್ಟೇ ವ್ಯತ್ಯಾಸ.

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಟದಲ್ಲಿ ಕ್ಲೆರಿಕ್ ಅನ್ನುವ ಹೀಲರ್‌ಗಳಿಗೆ ಕಂಪ್ಲೀಟ್ ಹೀಲ್ ಅನ್ನುವ ಮಂತ್ರ ಇತ್ತು. ಹಾಕಿ ಮುಗಿಸಲು 10 ಸೆಕೆಂಡು ಬೇಕು. ಅಷ್ಟರಲ್ಲಿ ಟ್ಯಾಂಕ್, ಅಂದರೆ ಮುಂದೆ ನಿಂತು ಎಲ್ಲರ ಪರವಾಗಿ ಪೆಟ್ಟು ತಿನ್ನುವವನು, ಸತ್ತೇ ಹೋಗಬಹುದು. ಅದಕ್ಕೆ ಕ್ಲೆರಿಕ್‌ಗಳು ಸರದಿ ಕಟ್ಟಿಕೊಂಡು, ಒಬ್ಬರ ಹಿಂದೆ ಒಬ್ಬರು, ಟ್ಯಾಂಕ್‌ಗೆ ಪೆಟ್ಟು ಬಿದ್ದಿರಲಿ ಬಿಡಲಿ, ಮಂತ್ರ ಶುರು ಮಾಡಿಬಿಡುತ್ತಿದ್ದರು. ಅದೂ ಡಯಲ್-ಅಪ್ ಕಾಲದಲ್ಲಿ! ನಮ್ಮ ಫೈಬರ್ ಅದಕ್ಕಿಂತ ಎಷ್ಟೋ ವಾಸಿ.

ಯಾವ ಆಟ

ಇಲ್ಲಿ ಉದಾಹರಣೆಗೆ ಫೈನಲ್ ಫ್ಯಾಂಟಸಿ 14 ತಗೊಂಡಿದ್ದೇನೆ. ಅದರ ಫ್ರೀ ಟ್ರಯಲ್‌ಗೆ ದಿನಗಳ ಗಡುವಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದರ ಮಿತಿಯನ್ನು ಲೆವೆಲ್ 60ರಿಂದ 70ಕ್ಕೆ ಏರಿಸಿದರು. ಪುಕ್ಕಟೆಯಾಗಿ ಹೀಲರ್ ಕಲಿಯಲು ಇಷ್ಟು ದೊಡ್ಡ ಮೈದಾನ ಬೇರೆಲ್ಲೂ ನಾನು ಕಂಡಿಲ್ಲ. ಟ್ರಯಲ್‌ನಲ್ಲಿ ಮಾರ್ಕೆಟ್ ಬೋರ್ಡ್ (ಆಟಗಾರರು ವಸ್ತು ಮಾರುವ, ಕೊಳ್ಳುವ ಜಾಗ) ಇಲ್ಲ, 3,00,000 ಗಿಲ್‌ಗಿಂತ (ಆಟದೊಳಗಿನ ದುಡ್ಡು) ಜಾಸ್ತಿ ಕೂಡಿಡಲು ಆಗಲ್ಲ, ನೀವೇ ಪಾರ್ಟಿ (ಆಟಗಾರರ ತಂಡ) ಕಟ್ಟಲು ಆಗಲ್ಲ. ಕಲಿಯುವವರಿಗೆ ಇದ್ಯಾವುದೂ ಅಡ್ಡಿಯಲ್ಲ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಒಮ್ಮೆ ದುಡ್ಡು ಕೊಟ್ಟು ಪೂರ್ತಿ ಆಟ ಕೊಂಡರೆ ಅದೇ ಖಾತೆಯಲ್ಲಿ ಟ್ರಯಲ್‌ಗೆ ವಾಪಸ್ ಬರಲು ಆಗುವುದಿಲ್ಲ. ಆಮೇಲೆ ತಿಂಗಳು ತಿಂಗಳು ಚಂದಾ. ಆತುರ ಬೇಡ.

ಫೋನ್ ಮಾತ್ರ ಇದ್ದವರು ಆಲ್ಬಿಯನ್ ಆನ್‌ಲೈನ್ ನೋಡಬಹುದು. ಅಲ್ಲಿ ಕ್ಲಾಸ್ (ಮೊದಲೇ ಆರಿಸಿಕೊಳ್ಳುವ ಪಾತ್ರದ ಬಗೆ) ಅನ್ನೋದೇ ಇಲ್ಲ. ಕೈಯಲ್ಲಿ ಹೋಲಿ ಸ್ಟಾಫ್ ಅಥವಾ ನೇಚರ್ ಸ್ಟಾಫ್ ಹಿಡಿದರೆ ನೀವು ಹೀಲರ್. ಏಷ್ಯಾಕ್ಕೆ ಅಂತಲೇ ಒಂದು ಸರ್ವರ್ 2023ರಿಂದ ಇದೆ. ಬಟನ್‌ಗಳು ಬೇರೆ, ಕೆಳಗೆ ಹೇಳುವ ಲೆಕ್ಕ ಒಂದೇ.

ಕರೆಂಟು, ನೆಟ್ಟು, ಬಿಸಿಲು

ಡಿಪಿಎಸ್ (ಶತ್ರುವನ್ನು ಹೊಡೆಯುವುದೇ ಕೆಲಸವಾದ ಪಾತ್ರ) ಆಡುವವನ ಮನೆಯಲ್ಲಿ ಕರೆಂಟ್ ಹೋದರೆ ಬಾಸ್, ಅಂದರೆ ದೊಡ್ಡ ಶತ್ರು, ಸಾಯುವುದು ಸ್ವಲ್ಪ ತಡವಾಗುತ್ತದೆ. ಹೀಲರ್ ಮನೆಯಲ್ಲಿ ಹೋದರೆ ಪಾರ್ಟಿಯ ನಾಲ್ಕೂ ಜನ ಸಾಯುತ್ತಾರೆ. ಅದಕ್ಕೇ ಆಟಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ನಿಜ. ಆದರೆ ರೂಟರ್‌ಗೆ ಇರುವುದಿಲ್ಲ. ಮನೆಯ ಇನ್ವರ್ಟರ್ ತಗೊಳ್ಳುವ ಒಂದು ಕ್ಷಣದಲ್ಲೇ ಎಷ್ಟೋ ರೂಟರ್‌ಗಳು ಆಫ್ ಆಗಿ ಮತ್ತೆ ಶುರುವಾಗುತ್ತವೆ. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ನಿಮ್ಮ ರೂಟರ್ ಎಷ್ಟು ವೋಲ್ಟ್, ಎಷ್ಟು ಆಂಪ್ ಅನ್ನುವುದನ್ನು ಅಡಾಪ್ಟರ್ ಮೇಲೆ ನೋಡಿಕೊಂಡು ತಗೊಳ್ಳಿ. ಹೊಸ ಮೌಸಿಗಿಂತ, ಬಣ್ಣದ ಲೈಟಿನ ಕೀಬೋರ್ಡಿಗಿಂತ ಇದು ಮೊದಲು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದೂ ಸರಿಯಾಗಿ ಎಂಟು ಜನ ಒಂದೇ ಕಡೆ ಮಂತ್ರ ಸಿಡಿಸುವಾಗ. ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ, ತೀರಾ ಸೆಕೆ ಇದ್ದರೆ 30ಕ್ಕೆ ಇಡಿ. ಬೇರೆಯವರ ಮಂತ್ರಗಳ ಬೆಳಕನ್ನು ಕಡಿಮೆ ತೋರಿಸುವ ಆಯ್ಕೆಯೂ ಇದೆ. ಅದನ್ನು ಹಾಕಿದರೆ ಲ್ಯಾಪ್‌ಟಾಪ್ ತಂಪಾಗುವುದರ ಜೊತೆಗೆ ನೆಲ ಕಾಣುತ್ತದೆ. ಹೀಲರ್‌ಗೆ ನೆಲ ಕಾಣುವುದು ಎಷ್ಟು ಮುಖ್ಯ ಅನ್ನೋದು ಮುಂದೆ ಬರುತ್ತದೆ.

ನೆಟ್ ವಿಷಯದಲ್ಲಿ ಪಿಂಗ್ (ಒತ್ತಿದ ಬಟನ್ ಸರ್ವರ್ ಮುಟ್ಟಿ ಉತ್ತರ ಬರಲು ಹಿಡಿಯುವ ಹೊತ್ತು, ಮಿಲಿಸೆಕೆಂಡಿನಲ್ಲಿ) ಎಷ್ಟು ಅನ್ನುವುದಕ್ಕಿಂತ ಅದು ಅಲ್ಲಾಡುತ್ತದಾ ಅನ್ನುವುದು ಮುಖ್ಯ. 180 ಇದ್ದು 180ರಲ್ಲೇ ನಿಂತರೆ ಕೈ ಒಗ್ಗಿಕೊಳ್ಳುತ್ತದೆ. ಒಮ್ಮೆ 100, ಒಮ್ಮೆ 400 ಅಂದರೆ ಯಾರಿಗೂ ಆಗಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿ. ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಆಡುವವರು ಡೇಟಾ ಖರ್ಚಿಗೆ ಹೆದರಬೇಕಿಲ್ಲ. ಆಡುವಾಗ ಜಾಸ್ತಿ ತಿನ್ನುವುದಿಲ್ಲ, ಡೌನ್‌ಲೋಡ್ ಮತ್ತು ಪ್ಯಾಚ್‌ಗಳೇ (ಆಟದ ಅಪ್‌ಡೇಟ್) ತಿನ್ನುವುದು. ಅವನ್ನು ಪೇಟೆಯಲ್ಲಿ ಗೆಳೆಯರ ರೂಮಿನಲ್ಲಿ ಮುಗಿಸಿಕೊಂಡು ಹೋಗಿ.

ಸರ್ವರ್ ಆರಿಸುವಾಗ ಗಡಿಯಾರ ನೋಡಿ

ಭಾರತದಲ್ಲಿ ಫೈನಲ್ ಫ್ಯಾಂಟಸಿ 14ರ ಸರ್ವರ್ ಇಲ್ಲ. ಜಪಾನ್, ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ ಇವೆ. ನಮಗೆ ಜಪಾನ್ ಅಥವಾ ಯುರೋಪ್ ಸರಿ. ಎರಡಕ್ಕೂ ನಿಮ್ಮ ನೆಟ್‌ನಿಂದ ಪಿಂಗ್ ನೋಡಿಕೊಳ್ಳಿ, ಬೇರೆಯವರು ಹೇಳಿದ್ದನ್ನು ನಂಬಬೇಡಿ. ಆಮೇಲೆ ಗಡಿಯಾರ ನೋಡಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನೀವು ಊಟ ಮುಗಿಸಿ ಒಂಬತ್ತಕ್ಕೆ ಕೂತರೆ ಅಲ್ಲಿ ನಡುರಾತ್ರಿ ಹನ್ನೆರಡೂವರೆ. ಜರ್ಮನಿ ಕಡೆ ಆಗ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆ, ಬೇಸಿಗೆಯಲ್ಲಿ ಐದೂವರೆ. ಅವರು ಆಗ ತಾನೇ ಕೆಲಸ ಮುಗಿಸಿ ಬರುತ್ತಿರುತ್ತಾರೆ. ಕಾಲೇಜು ಮುಗಿಸಿ ನಾಲ್ಕಕ್ಕೆ ಆಡುವವರಿಗೆ ಜಪಾನ್, ರಾತ್ರಿ ಆಡುವವರಿಗೆ ಯುರೋಪ್. ಪಿಂಗ್ ಹತ್ತಿಪ್ಪತ್ತು ಹೆಚ್ಚಾದರೂ ಪರವಾಗಿಲ್ಲ, ಜನ ಇರುವ ಹೊತ್ತು ಸಿಗಬೇಕು.

ಈ ಸರ್ವರ್‌ಗಳಲ್ಲಿ ಆಟ ಜಪಾನಿ, ಇಂಗ್ಲಿಷ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಮಾತ್ರ ಇದೆ. ಜಪಾನಿನವರ ಜೊತೆ ಆಡಲು ಭಾಷೆಯ ಭಯ ಬೇಡ. ಚಾಟ್‌ನಲ್ಲಿ ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಸಿದ್ಧ ವಾಕ್ಯಗಳು ಬರುತ್ತವೆ. ಅವು ಎದುರಿಗಿದ್ದವರಿಗೆ ಅವರ ಭಾಷೆಯಲ್ಲೇ ಕಾಣುತ್ತವೆ.

ಯಾವ ಹೀಲರ್

ಕಾಂಜರರ್ ಅನ್ನುವ ಹೀಲರ್ ಕ್ಲಾಸ್ ಆಗಿ ಶುರು ಮಾಡಿ. ಗ್ರಿಡೇನಿಯಾ ಊರಿನಿಂದ ಆಟ ಶುರುವಾಗುತ್ತದೆ. ಲೆವೆಲ್ 30ಕ್ಕೆ ಕಾಂಜರರ್‌ನ ಮುಂದಿನ ರೂಪವಾದ ವೈಟ್ ಮೇಜ್ ಆಗುವ ಕ್ವೆಸ್ಟ್ (ಆಟ ಕೊಡುವ ಕೆಲಸ) ಬರುತ್ತದೆ. ಆಗ ಕೊಡುವ ಸೋಲ್ ಕ್ರಿಸ್ಟಲ್ (ಧರಿಸಿದರೆ ಮಾತ್ರ ವೈಟ್ ಮೇಜ್ ಆಗುವ ಹರಳು) ಹಾಕಿಕೊಳ್ಳುವುದನ್ನು ಮರೆಯಬೇಡಿ. ಅದಿಲ್ಲದೆ ಲೆವೆಲ್ 40ರ ಡಂಜನ್‌ಗೆ (ಪಾರ್ಟಿ ಸೇರಿ ಶತ್ರುಗಳನ್ನು ಮುಗಿಸುವ ತಾಣ) ಬರುವವರು ಈಗಲೂ ಸಿಗುತ್ತಾರೆ. ಸ್ಕಾಲರ್ ಆಗಬೇಕಾದರೆ ಲಿಮ್ಸಾ ಲೊಮಿನ್ಸಾ ಊರಿನಲ್ಲಿ ಆರ್ಕೇನಿಸ್ಟ್ ಅನ್ನುವ ಕ್ಲಾಸ್ ಆಗಿ 30 ದಾಟಬೇಕು. ಅಲ್ಲಿಯವರೆಗೆ ನೀವು ಡಿಪಿಎಸ್. ಆಸ್ಟ್ರೋಲೋಜಿಯನ್ ಸಿಗಲು ಕಥೆಯಲ್ಲಿ ಇಷ್‌ಗಾರ್ಡ್ ಊರಿನವರೆಗೆ ಹೋಗಬೇಕು. ಸೇಜ್ ಅನ್ನುವ ಹೀಲರ್ ಟ್ರಯಲ್‌ನಲ್ಲಿ ಇಲ್ಲ. ಪೆಟ್ಟು ಬೀಳುವ ಮುಂಚೆ ಕವಚ ಹಾಕುವುದು ಸ್ಕಾಲರ್ ಶೈಲಿ. ದೂರದ ಸರ್ವರ್‌ಗೆ ಅದು ತುಂಬಾ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಆದರೂ ಮೊದಲು ವೈಟ್ ಮೇಜ್. ಏನು ಮಾಡಿದರೆ ಏನಾಯಿತು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪರದೆ ಮತ್ತು ಬಟನ್

ಪಾರ್ಟಿ ಪಟ್ಟಿ (ಪಾರ್ಟಿಯವರ ಹೆಸರು, ಜೀವದ ಬಾರ್) ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಎಚ್‌ಯುಡಿ ಲೇಔಟ್‌ಗೆ (ಪರದೆಯ ಭಾಗಗಳನ್ನು ಸರಿಸುವ ಮೆನು) ಹೋಗಿ ಅದನ್ನು ದೊಡ್ಡದು ಮಾಡಿ, ನಿಮ್ಮ ಪಾತ್ರದ ಹತ್ತಿರ, ಎಡಗಡೆ ಸ್ವಲ್ಪ ಕೆಳಗೆ ತನ್ನಿ. ಶತ್ರುವಿನ ಕ್ಯಾಸ್ಟ್ ಬಾರ್ (ಅದು ಹಾಕುತ್ತಿರುವ ಮಂತ್ರ ಎಷ್ಟಾಯಿತು ಅಂತ ತೋರಿಸುವ ಗೆರೆ) ಪರದೆಯ ಮೇಲ್ಭಾಗದ ಮಧ್ಯದಲ್ಲಿರಲಿ. ಕಣ್ಣು ಪಟ್ಟಿಯಿಂದ ನೆಲಕ್ಕೆ, ನೆಲದಿಂದ ಕ್ಯಾಸ್ಟ್ ಬಾರ್‌ಗೆ ತಲೆ ತಿರುಗಿಸದೆ ಹೋಗಬೇಕು.

ಎಫ್1 ಒತ್ತಿದರೆ ನೀವು, ಎಫ್2ರಿಂದ ಎಫ್8ರವರೆಗೆ ಪಾರ್ಟಿಯವರು ಆಯ್ಕೆಯಾಗುತ್ತಾರೆ. ಇದನ್ನೇ ರೂಢಿ ಮಾಡಿಕೊಳ್ಳಿ. ಹೀಲ್‌ಗಳನ್ನೆಲ್ಲ ಮ್ಯಾಕ್ರೋ (ಒಂದೇ ಬಟನ್‌ಗೆ ಬರೆದಿಟ್ಟ ಆಜ್ಞೆಗಳು) ಮಾಡಿಟ್ಟುಕೊಳ್ಳಿ ಅಂತ ಸಲಹೆ ಕೊಡುವವರು ಬಹಳ. ಬೇಡ. ಕಾರಣ ಹೇಳುತ್ತೇನೆ. ಈ ಆಟದಲ್ಲಿ ಒಂದು ಮಂತ್ರದಿಂದ ಇನ್ನೊಂದಕ್ಕೆ ಸುಮಾರು 2.5 ಸೆಕೆಂಡು ಅಂತರ. ಆ ಅಂತರದ ಕೊನೆಯ ಅರ್ಧ ಸೆಕೆಂಡಿನಲ್ಲಿ ಮುಂದಿನ ಬಟನ್ ಒತ್ತಿದರೆ ಆಟ ಅದನ್ನು ಸಾಲಿನಲ್ಲಿ ಹಿಡಿದಿಟ್ಟುಕೊಂಡು, ಸರಿಯಾದ ಹೊತ್ತಿಗೆ ಬಿಡುತ್ತದೆ. ದೂರದ ನೆಟ್‌ನವರಿಗೆ ಇದು ವರ. ಮ್ಯಾಕ್ರೋಗೆ ಈ ಸಾಲು ಇಲ್ಲ. ಮ್ಯಾಕ್ರೋ ಮಾಡಿದರೆ ಇರುವ ಒಂದು ಅನುಕೂಲವನ್ನೂ ಕಳೆದುಕೊಳ್ಳುತ್ತೀರಿ.

ತಕ್ಷಣ ಬೀಳುವ ಕೆಲವು ಬಟನ್‌ಗಳು ಈ 2.5 ಸೆಕೆಂಡಿನ ಲೆಕ್ಕದಿಂದ ಹೊರಗಿವೆ. ಎಂಪಿ (ಮಂತ್ರ ಹಾಕಲು ಬೇಕಾದ ಶಕ್ತಿ) ತುಂಬಿಸುವ ಲ್ಯೂಸಿಡ್ ಡ್ರೀಮಿಂಗ್, ಮುಂದಿನ ಮಂತ್ರವನ್ನು ತಕ್ಷಣ ಬೀಳಿಸುವ ಸ್ವಿಫ್ಟ್‌ಕ್ಯಾಸ್ಟ್, ಜೀವ ಪೂರ್ತಿ ತುಂಬಿಸುವ ಬೆನೆಡಿಕ್ಷನ್ ಆ ಜಾತಿಯವು. ಹತ್ತಿರದ ಸರ್ವರ್‌ನವರು ಎರಡು ಮಂತ್ರಗಳ ಮಧ್ಯೆ ಇಂಥವು ಎರಡು ಒತ್ತುತ್ತಾರೆ. ನಾವು ಒಂದೇ ಒತ್ತಬೇಕು. ಎರಡನೆಯದು ಮುಂದಿನ ಮಂತ್ರವನ್ನು ಹಿಂದಕ್ಕೆ ತಳ್ಳುತ್ತದೆ.

ಬಾರ್ ತುಂಬಿಸುವುದು ನಿಮ್ಮ ಕೆಲಸ ಅಲ್ಲ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಹೊಸ ಹೀಲರ್‌ಗೆ ಜೀವ ತೋರಿಸುವ ಹಸಿರು ಬಾರ್ ಸ್ವಲ್ಪ ಇಳಿದರೂ ತಡೆಯುವುದಿಲ್ಲ. ತಕ್ಷಣ ಕ್ಯೂರ್ ಅನ್ನುವ ಹೀಲ್. ಮತ್ತೆ ಸ್ವಲ್ಪ ಇಳಿಯಿತು, ಮತ್ತೆ ಕ್ಯೂರ್. ಹೀಗೆ ಹೋದರೆ ಎಂಪಿ ಖಾಲಿ, ಶತ್ರುಗಳು ಹಾಗೇ ಇರುತ್ತಾರೆ, ಹೊಡೆತ ಬೀಳುತ್ತಲೇ ಇರುತ್ತದೆ. ಅರ್ಧ ಬಾರ್ ಇರುವ ಟ್ಯಾಂಕ್ ಪೂರ್ತಿ ಬಾರ್ ಇರುವ ಟ್ಯಾಂಕ್‌ನಷ್ಟೇ ಜೋರಾಗಿ ಹೊಡೆಯುತ್ತಾನೆ. ಸೊನ್ನೆಗೆ ಬಂದಾಗ ಮಾತ್ರ ತೊಂದರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಮುಂದಿನ ಹೀಲ್ ಬೀಳುವಷ್ಟರಲ್ಲಿ ಇವನು ಸಾಯುತ್ತಾನಾ?

ಲೆಕ್ಕ ಹಾಕಿ. ಬಾಸ್‌ನ ಒಂದು ಸಾಧಾರಣ ಪೆಟ್ಟು ಟ್ಯಾಂಕ್‌ನ ಹತ್ತನೇ ಒಂದು ಭಾಗ ತೆಗೆಯುತ್ತದೆ ಅಂತಿಟ್ಟುಕೊಳ್ಳಿ. ಪೆಟ್ಟು ಎರಡು ಮೂರು ಸೆಕೆಂಡಿಗೊಮ್ಮೆ ಬೀಳುತ್ತದೆ. ಟ್ಯಾಂಕ್ ಅರ್ಧದಲ್ಲಿದ್ದಾನೆ. ನಿಮ್ಮ ಕ್ಯೂರ್ ಟು (ಕ್ಯೂರ್‌ಗಿಂತ ದೊಡ್ಡ ಹೀಲ್) ಬೀಳಲು ಎರಡು ಸೆಕೆಂಡು, ಜೊತೆಗೆ ನೆಟ್‌ನ ಸ್ವಲ್ಪ ತಡ. ಅಂದರೆ ಈಗ ಹೀಲ್ ಮಾಡದೆ ಒಂದು ಸ್ಟೋನ್ (ಶತ್ರುವಿಗೆ ಕಲ್ಲು ಹೊಡೆಯುವ ಮಂತ್ರ) ಹೊಡೆದು, ಆಮೇಲೆ ಕ್ಯೂರ್ ಟು ಹಾಕಿದರೂ ಅವನು ಬದುಕಿರುತ್ತಾನೆ. ಆ ಸ್ಟೋನ್‌ನಿಂದ ಬಾಸ್ ಅಷ್ಟು ಬೇಗ ಸಾಯುತ್ತದೆ. ಬೇಗ ಸತ್ತ ಬಾಸ್ ಹೊಡೆಯುವುದಿಲ್ಲ, ಅಲ್ವಾ? ಹೊಡೆಯದೆ ಸುಮ್ನೆ ನಿಂತು ಬಾರ್ ನೋಡುವ ಹೀಲರ್‌ಗಿಂತ, ನಡುನಡುವೆ ಸ್ಟೋನ್, 30 ಸೆಕೆಂಡು ಶತ್ರುವನ್ನು ಕೊರೆಯುವ ಗಾಳಿ ಮಂತ್ರ ಏರೋ ಹಾಕುವ ಹೀಲರ್ ಪಾರ್ಟಿಯನ್ನು ಜಾಸ್ತಿ ಕಾಪಾಡುತ್ತಾನೆ.

ನನ್ನ ಜೊತೆ ಆಡುವ ಶಹಾಬಾದಿನ ಹುಡುಗನಿಗೆ ಇದನ್ನು ಹೇಳಿಕೊಡುವಾಗ ಹೆಡ್‌ಸೆಟ್‌ನಲ್ಲಿ ದಿನಾ ನಡೆಯುತ್ತಿದ್ದ ಮಾತು ಇದು (ರೀಜನ್ ಅಂದರೆ ಸ್ವಲ್ಪ ಸ್ವಲ್ಪವಾಗಿ ಜೀವ ತುಂಬಿಸುತ್ತಲೇ ಇರುವ ಮಂತ್ರ):

"ಅಣ್ಣಾ, ಟ್ಯಾಂಕ್ ಅರ್ಧಕ್ಕ ಬಂದಾನ. ಹೀಲ್ ಹಾಕ್ಲೇನು?"

"ತಡಿಯೋ, ಈಗ ಬ್ಯಾಡ. ರೀಜನ್ ನಡದದಲ್ಲ. ಕಲ್ಲು ಹೊಡಿ."

"ಸತ್ರ?"

"ಸಾಯಲ್ಲ. ಬಾಸ್ ಏನ್ ಮಾಡ್ಲಾಕತ್ತದ ನೋಡು ಮೊದ್ಲ."

ಕೊನೆಯ ಸಾಲೇ ಮುಖ್ಯ. ಬಾಸ್‌ನ ಕ್ಯಾಸ್ಟ್ ಬಾರ್ ತುಂಬುತ್ತಿದ್ದರೆ ದೊಡ್ಡ ಪೆಟ್ಟು ಬರುತ್ತಿದೆ ಅಂತ ಅರ್ಥ. ನೆಲದ ಮೇಲೆ ಗುರುತು ಬಿದ್ದಿದ್ದರೆ ಅದನ್ನು ತಪ್ಪಿಸಿಕೊಳ್ಳುವುದು. ಯಾವ ಗುರುತೂ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಟ್ಯಾಂಕ್‌ಗೆ ಅಥವಾ ಎಲ್ಲರಿಗೂ ಬೀಳುವ ಪೆಟ್ಟು. ಎಲ್ಲರಿಗೂ ಬೀಳುವಂಥದ್ದಾದರೆ ಆ ಬಾರ್ ಮುಕ್ಕಾಲು ತುಂಬಿದಾಗ ಮೆಡಿಕಾ (ಎಲ್ಲರಿಗೂ ಒಟ್ಟಿಗೆ ಬೀಳುವ ಹೀಲ್) ಹಾಕಲು ಶುರು ಮಾಡಿ. ಮೆಡಿಕಾಗೆ ಎರಡು ಸೆಕೆಂಡು ಬೇಕು. ಪೆಟ್ಟು ಮೊದಲು ಬೀಳುತ್ತದೆ, ಅದರ ಬೆನ್ನಿಗೇ ನಿಮ್ಮ ಹೀಲ್. ನೋಡಿದವರಿಗೆ ನಿಮ್ಮ ಪಿಂಗ್ ಸೊನ್ನೆ ಅನ್ನಿಸುತ್ತದೆ. ಹಂಚಿನ ಮೇಲೆ ಒಂದು ರೊಟ್ಟಿ ಬೇಯುತ್ತಿರುವಾಗಲೇ ಇನ್ನೊಂದನ್ನು ಬಡಿಯುವ ಹಾಗೆ ಕೈ ಯಾವಾಗಲೂ ಒಂದು ಹೆಜ್ಜೆ ಮುಂದಿರಬೇಕು.

ಇನ್ನು ನೆಲ. ಕಿತ್ತಳೆ ಬಣ್ಣದ ಗುರುತು ಮಾಯವಾಗುವ ಹೊತ್ತಿಗೆ ನೀವು ಎಲ್ಲಿದ್ದಿರಿ ಅನ್ನುವುದರ ಮೇಲೆ ಪೆಟ್ಟು ತೀರ್ಮಾನ ಆಗಿರುತ್ತದೆ. ಬೆಂಕಿ, ಸಿಡಿತ ಎಲ್ಲ ಆಮೇಲೆ ಕಾಣುವ ಶೋ. ನೀವು ಸರಿದದ್ದು ಸರ್ವರ್‌ಗೆ ತಡವಾಗಿ ಗೊತ್ತಾಗುವುದರಿಂದ "ನಾನು ಹೊರಗೇ ಇದ್ದೆನಲ್ಲ!" ಅನ್ನುವ ಪರಿಸ್ಥಿತಿ ನಮಗೆ ಜಾಸ್ತಿ. ಗುರುತು ಕಂಡ ತಕ್ಷಣ ಹೊರಡಿ. ಮಂತ್ರ ಪೂರ್ತಿ ಮುಗಿಯಲಿ ಅಂತ ಕಾಯಬೇಕಿಲ್ಲ, ಕ್ಯಾಸ್ಟ್‌ನ ಕೊನೆಯ ಅರ್ಧ ಸೆಕೆಂಡಿನಲ್ಲಿ ಹೆಜ್ಜೆ ಇಟ್ಟರೂ ಮಂತ್ರ ಬೀಳುತ್ತದೆ. ಇದು ಕೈಗೆ ಹತ್ತಿದರೆ ಓಡುತ್ತಲೇ ಹೀಲ್ ಮಾಡುತ್ತಿರುವಂತೆ ಕಾಣುತ್ತದೆ.

ಮೊದಲ ಡಂಜನ್

ಲೆವೆಲ್ 15ಕ್ಕೆ ಸಸ್ತಾಶಾ ತೆರೆಯುತ್ತದೆ. ಅದಕ್ಕೂ ಮುಂಚೆ ಹಾಲ್ ಆಫ್ ದ ನೋವಿಸ್‌ನಲ್ಲಿ ಹೀಲರ್ ಪಾಠ ಮುಗಿಸಿ. ಅಲ್ಲಿ ಸಿಗುವ ಉಡುಪು, ಉಂಗುರ ಬಹಳ ದಿನ ಬಾಳುತ್ತವೆ.

ಆಮೇಲೆ ನೇರ ಜನರ ಜೊತೆ ಹೋಗಬೇಡಿ. 2022ರಿಂದ ಡ್ಯೂಟಿ ಸಪೋರ್ಟ್ ಅನ್ನುವ ವ್ಯವಸ್ಥೆ ಇದೆ. ಕಥೆಯ ಡಂಜನ್‌ಗಳಿಗೆ ಆಟದ ಪಾತ್ರಗಳನ್ನೇ ಟ್ಯಾಂಕ್, ಡಿಪಿಎಸ್ ಆಗಿ ಕರೆದುಕೊಂಡು ಹೋಗಬಹುದು. ಅವರು ನಿಧಾನ, ಆದರೆ ಬೈಯುವುದಿಲ್ಲ. ಕರೆಂಟ್ ಹೋದರೂ ಯಾರಿಗೂ ನಷ್ಟವಿಲ್ಲ. ಸಂಜೆ ಮಳೆ ಗುಡುಗು ಇರುವ ದಿನಗಳಲ್ಲಿ ಇದನ್ನೇ ಆಡಿ. ಕೈ ಕುದುರಿದ ಮೇಲೆ ಡ್ಯೂಟಿ ಫೈಂಡರ್ (ಬೇರೆ ಆಟಗಾರರ ಜೊತೆ ಸೇರಿಸುವ ವ್ಯವಸ್ಥೆ). ಹೀಲರ್‌ಗಳಿಗೆ ಅಲ್ಲಿ ಸರದಿ ಬೇಗ ಬರುತ್ತದೆ. ಶುರುವಿನಲ್ಲೇ "ನಾನು ಹೊಸಬ" ಅಂತ ಒಂದು ಸಾಲು ಬರೆದುಬಿಡಿ. ಬೈಯುವವರು ಅಪರೂಪ, ತಾಳಿಕೊಳ್ಳುವವರೇ ಜಾಸ್ತಿ.

ಬಿಡಿ ಶತ್ರುವೊಂದು ನಿಮ್ಮ ಮೇಲೆ ಬಿದ್ದರೆ ಓಡಿಹೋಗಬೇಡಿ. ಟ್ಯಾಂಕ್ ಹತ್ತಿರಕ್ಕೇ ಓಡಿ. ನೀವು ದೂರ ಹೋದಷ್ಟು ಅವನು ಅದನ್ನು ಹಿಡಿಯುವುದು ಕಷ್ಟ.

ಟ್ಯಾಂಕ್ ನಿಲ್ಲದೆ ಓಡಿದರೆ

ಕೆಲವು ಟ್ಯಾಂಕ್‌ಗಳು ಮೂರು ಗುಂಪನ್ನು ಒಟ್ಟಿಗೆ ಎಳೆದುಕೊಂಡು ಬಾಗಿಲವರೆಗೆ ಹೋಗುತ್ತಾರೆ. ಎದೆ ಡವಗುಟ್ಟುತ್ತದೆ, ಸಹಜ. ಲೆವೆಲ್ 35ಕ್ಕೆ ರೀಜನ್ ಸಿಗುತ್ತದೆ. ಅವನು ಮೊದಲ ಗುಂಪನ್ನು ಹೊಡೆದು ತನ್ನ ಕಡೆ ಸೆಳೆದುಕೊಂಡ ಮೇಲೆ ರೀಜನ್ ಹಾಕಿ ಹಿಂದೆ ಓಡಿ. ನಿಂತ ತಕ್ಷಣ ಕ್ಯೂರ್ ಟು. ಲೆವೆಲ್ 45ರಿಂದ ಹೋಲಿ ಬರುತ್ತದೆ, ಇದರ ರುಚಿಯೇ ಬೇರೆ. ಹೋಲಿ ಸುತ್ತಲಿನ ಶತ್ರುಗಳನ್ನು ಮೊದಲ ಸಲ ನಾಲ್ಕು ಸೆಕೆಂಡು ಸ್ತಬ್ಧ ಮಾಡುತ್ತದೆ, ಆಮೇಲೆ ಕಡಿಮೆ ಕಡಿಮೆ. ಸ್ತಬ್ಧವಾದ ಶತ್ರು ಹೊಡೆಯುವುದಿಲ್ಲ. ಅಂದರೆ ಗುಂಪಿನ ಮಧ್ಯೆ ನಿಂತು ಹೋಲಿ ಹಾಕುವುದೇ ಒಂದು ಹೀಲ್. ಹೆದರಿ ದೂರ ನಿಲ್ಲುವ ವೈಟ್ ಮೇಜ್‌ಗಳು ಈ ಲಾಭ ಬಿಟ್ಟುಬಿಡುತ್ತಾರೆ.

ಲೆವೆಲ್ 50ರ ಬೆನೆಡಿಕ್ಷನ್ ಒಬ್ಬರ ಬಾರ್ ಅನ್ನು ಒಮ್ಮೆಗೇ ಪೂರ್ತಿ ತುಂಬಿಸುತ್ತದೆ. ಮತ್ತೆ ಸಿಗಲು ಮೂರು ನಿಮಿಷ. ಇದನ್ನು ಆಪತ್ತಿಗೆ ಅಂತ ಕೂಡಿಟ್ಟು ಡಂಜನ್ ಮುಗಿದರೂ ಬಳಸದವರು ಎಷ್ಟೋ ಜನ. ಇಲ್ಲಿ ಒಂದು ಜಾಗ್ರತೆ: ತೀರಾ ಹತ್ತು ಪರ್ಸೆಂಟ್‌ಗೆ ಬರಲಿ ಅಂತ ಕಾದರೆ ನಮ್ಮ ಪಿಂಗ್‌ನಲ್ಲಿ ಅದು ಹೆಣಕ್ಕೆ ಬೀಳುತ್ತದೆ. ಕಾಲು ಭಾಗಕ್ಕೆ ಬಂದಾಗ ಒತ್ತಿಬಿಡಿ. ಟ್ಯಾಂಕ್ ಪಲಾಡಿನ್ ಆಗಿದ್ದು ಹ್ಯಾಲೋಡ್ ಗ್ರೌಂಡ್ ಹಾಕಿದ್ದರೆ 10 ಸೆಕೆಂಡು ಅವನಿಗೆ ಏನೂ ಆಗಲ್ಲ, ಆಗ ನಿರಾಳವಾಗಿ ಹೋಲಿ ಹೊಡೆಯಿರಿ.

ಯಾರಾದರೂ ಸತ್ತಾಗ

ಸತ್ತವರನ್ನು ಎಬ್ಬಿಸುವ ರೇಯ್ಸ್ ಮಂತ್ರ ಲೆವೆಲ್ 12ಕ್ಕೆ ಸಿಗುತ್ತದೆ. ಹಾಕಲು 8 ಸೆಕೆಂಡು, 10,000 ಎಂಪಿಯಲ್ಲಿ 2,400 ಹೋಗುತ್ತದೆ. ಎಂಟು ಸೆಕೆಂಡು ನಿಂತರೆ ಇನ್ನೊಬ್ಬರು ಸಾಯುತ್ತಾರೆ. ಅದಕ್ಕೆ ಲೆವೆಲ್ 18ರ ಸ್ವಿಫ್ಟ್‌ಕ್ಯಾಸ್ಟ್ ಒತ್ತಿ, ಆಮೇಲೆ ರೇಯ್ಸ್. ತಕ್ಷಣ ಬೀಳುತ್ತದೆ. ಸ್ವಿಫ್ಟ್‌ಕ್ಯಾಸ್ಟ್ ಅನ್ನು ಬೇರೆ ಯಾವುದಕ್ಕೂ ಖರ್ಚು ಮಾಡದಿರುವುದೇ ಒಳ್ಳೆಯದು.

ಯಾರನ್ನು ಮೊದಲು ಎಬ್ಬಿಸಬೇಕು? ಬದುಕಿರುವವರನ್ನು ಮೊದಲು ಉಳಿಸಿಕೊಳ್ಳಿ, ಎಬ್ಬಿಸುವುದು ಆಮೇಲೆ. ನಾಲ್ವರ ಡಂಜನ್‌ನಲ್ಲಿ ಟ್ಯಾಂಕ್ ಮೊದಲು. ಎಂಟು ಜನರ ಹೋರಾಟದಲ್ಲಿ ಇನ್ನೊಬ್ಬ ಹೀಲರ್ ಬಿದ್ದಿದ್ದರೆ ಅವರೇ ಮೊದಲು. ಎದ್ದವರಿಗೆ 100 ಸೆಕೆಂಡು ನಿಶ್ಶಕ್ತಿ ಇರುತ್ತದೆ. ಅಷ್ಟರಲ್ಲಿ ಮತ್ತೆ ಸತ್ತರೆ ಇನ್ನೂ ಕೆಟ್ಟದು. ಎದ್ದ ಕೂಡಲೇ ಅವರಿಗೊಂದು ರೀಜನ್ ಹಾಕಿ.

ಸಣ್ಣ ವಿಷಯಗಳು ಬೇಗ ಹೇಳಿಬಿಡುತ್ತೇನೆ. ಪಾರ್ಟಿ ಪಟ್ಟಿಯಲ್ಲಿ ಯಾರದ್ದಾದರೂ ರೋಗದ ಐಕಾನ್ ಮೇಲೆ ಬಿಳಿ ಗೆರೆ ಕಂಡರೆ ಅದು ಎಸೂನಾ ಅನ್ನುವ ಮಂತ್ರದಿಂದ ಹೋಗುತ್ತದೆ. ಗೆರೆ ಇಲ್ಲದಿದ್ದರೆ ಹೋಗಲ್ಲ, ಸುಮ್ನೆ ಒತ್ತಬೇಡಿ. ಲೆವೆಲ್ 32ರ ಬ್ರೇಫ್ಲಾಕ್ಸ್ ಡಂಜನ್‌ನ ಕೊನೆಯ ಬಾಸ್ ವಿಷ ಹಾಕುತ್ತದೆ, ಅಲ್ಲಿ ಎಸೂನಾ ಬೇಕೇ ಬೇಕು. ಲ್ಯೂಸಿಡ್ ಡ್ರೀಮಿಂಗ್ ಅನ್ನು ಎಂಪಿ ಮುಗಿದ ಮೇಲಲ್ಲ, 7,000ಕ್ಕೆ ಇಳಿದಾಗಲೇ ಒತ್ತಿ.

ನಮ್ಮವರ ಜೊತೆ ಆಡುವಾಗ

ಪೂರ್ತಿ ಆಟ ಕೊಂಡ ಗೆಳೆಯರೊಬ್ಬರು ಕರೆದರೆ ಟ್ರಯಲ್‌ನವರೂ ಅವರ ಪಾರ್ಟಿಗೆ ಸೇರಬಹುದು. ಬೀದರ್‌ನವನೊಬ್ಬ, ಯಾದಗಿರಿಯವನೊಬ್ಬ, ಕಲಬುರಗಿಯವರಿಬ್ಬರು ಸೇರಿದರೆ ಹೆಡ್‌ಸೆಟ್‌ನಲ್ಲಿ ಕನ್ನಡ, ದಖ್ಖನಿ, ಇಂಗ್ಲಿಷ್ ಎಲ್ಲ ಒಟ್ಟಿಗೆ ಬರುತ್ತವೆ. ಮಜಾ ಇರುತ್ತದೆ, ಆದರೆ ಬಾಸ್ ಮುಂದೆ ಕತೆ ಹೇಳಲು ಹೊತ್ತಿರುವುದಿಲ್ಲ. ಮೊದಲೇ ನಾಲ್ಕು ಮಾತು ಗೊತ್ತು ಮಾಡಿಕೊಳ್ಳಿ. ಎಲ್ಲರೂ ಒಂದೇ ಕಡೆ ಸೇರಬೇಕಾದರೆ "ಕೂಡ್ರಿ". ಚದುರಬೇಕಾದರೆ "ದೂರ". ಟ್ಯಾಂಕ್‌ಗೆ ದೊಡ್ಡ ಪೆಟ್ಟು ಬರುತ್ತಿದ್ದರೆ "ಬಂತು". ಹೀಲರ್‌ಗೆ ನೆಟ್ ಹೋಯಿತು ಅಂದರೆ ಫೋನ್‌ನಲ್ಲಿ "ಹೋತು". ಈ ಕೊನೆಯದು ಕೇಳಿದ ಕೂಡಲೇ ಟ್ಯಾಂಕ್ ತನ್ನ ರಕ್ಷಣೆಯ ಬಟನ್‌ಗಳನ್ನೆಲ್ಲ ಒಂದೊಂದಾಗಿ ಹಾಕತೊಡಗಬೇಕು. ನೆಟ್ ಬಂದು ಮತ್ತೆ ಲಾಗಿನ್ ಆದರೆ ನೀವು ಅದೇ ಡಂಜನ್‌ಗೇ ವಾಪಸ್ ಬರುತ್ತೀರಿ. ಹಾಗಾಗಿ ಅವರು ಸ್ವಲ್ಪ ಹೊತ್ತು ತಡೆದುಕೊಂಡರೆ ಸಾಕು.

50ರ ಹತ್ತಿರ ಎಂಟು ಜನರ ಹೋರಾಟಗಳಲ್ಲಿ ಹೀಲರ್ ಇಬ್ಬರಿರುತ್ತಾರೆ. ಇಬ್ಬರೂ ಒಬ್ಬನೇ ಟ್ಯಾಂಕ್ ಮೇಲೆ ಕ್ಯೂರ್ ಸುರಿಯುವುದು ಅಲ್ಲಿನ ಮಾಮೂಲಿ ತೊಂದರೆ. ಜೊತೆಗಿರುವವರು ಸ್ಕಾಲರ್ ಆಗಿದ್ದರೆ ಪೆಟ್ಟಿಗೆ ಮುಂಚಿನ ಕವಚ ಅವರದು, ಪೆಟ್ಟಿನ ನಂತರ ತುಂಬಿಸುವುದು ನಿಮ್ಮದು. ಇಬ್ಬರೂ ವೈಟ್ ಮೇಜ್ ಆಗಿದ್ದರೆ ಒಬ್ಬರ ಮೆಡಿಕಾ ಟು (ಎಲ್ಲರಿಗೂ ಸ್ವಲ್ಪ ಸ್ವಲ್ಪವಾಗಿ ತುಂಬಿಸುತ್ತಲೇ ಇರುವ ಹೀಲ್) ನಡೆಯುತ್ತಿರುವಾಗ ಇನ್ನೊಬ್ಬರು ಅದನ್ನೇ ಹಾಕಬೇಡಿ, ಕಲ್ಲು ಹೊಡೆಯಿರಿ. ಬಿದ್ದವರನ್ನು ಯಾರು ಎಬ್ಬಿಸಬೇಕು ಅನ್ನುವುದನ್ನು ಬಾಸ್ ಮುಟ್ಟುವ ಮುಂಚೆ ಚಾಟ್‌ನಲ್ಲಿ ಕೇಳಿಬಿಡಿ. ಉತ್ತರ ಬರದಿದ್ದರೆ ನೀವೇ ಎಬ್ಬಿಸಬೇಕು ಅಂತ ತಿಳಿದುಕೊಂಡು, ಸ್ವಿಫ್ಟ್‌ಕ್ಯಾಸ್ಟ್ ಉಳಿಸಿಕೊಂಡು ಒಳಗೆ ಹೋಗಿ.